ಇಳಿಯುವ ಏಣಿ

ಬಾಂಬೋಳಿಯ ಗುಡ್ಡದ ಮೇಲಿನ ಆಸ್ಪತ್ರೆ,
ಹೆಂಗಸರ ವಾರ್ಡು, ಹನ್ನೊಂದನೇ ಹಾಸಿಗೆ.
ಮೂರು ವಾರದ ಜ್ವರ, ಸಂಜೆಗೆ ನಡುಕ.
ಎದೆಬಡಿತದ ನಡುವೆ ಸಣ್ಣದೊಂದು ಊದುಸದ್ದು,
ಹಳೇ ಬಾಗಿಲಿನ ಸಂದಿಯಲ್ಲಿ ಗಾಳಿ ನುಸುಳಿದ ಹಾಗೆ.

ಶರ್ವಾಣಿ ಗಾವಸ್ ಒಪ್ಪಿಸಿದಳು, ಉಸಿರು ಬಿಡದೆ:
ಹೆಸರು ಹನಮವ್ವ, ವಯಸ್ಸು ನಲವತ್ತರ ಸುಮಾರು,
ಊರು ಬಾದಾಮಿ ಕಡೆ, ಈಗ ವಾಸ್ಕೋ,
ಕೆಲಸ: ಗೃಹಿಣಿ.
ಆಮೇಲೆ ಕಾಯಿಲೆಗಳ ಹೆಸರು, ಹದಿನಾಲ್ಕು,
ಪುಸ್ತಕದ ಕ್ರಮ ತಪ್ಪದೆ.
ಒಂದನ್ನೂ ಬಿಟ್ಟಿರಲಿಲ್ಲ. ಒಂದನ್ನೂ ಹಿಡಿದಿರಲಿಲ್ಲ.

'ಯಾವ ಭಾಷೆಯಲ್ಲಿ ಕೇಳಿದಿ?'
'ಹಿಂದಿ, ಸರ್.'
'ಅವಳಿಗೆ ಹಿಂದಿ ಎಷ್ಟು ಬರುತ್ತದೆ?'
ಶರ್ವಾಣಿ ಕಾಗದ ನೋಡಿದಳು; ಅಲ್ಲಿ ಬರೆದಿರಲಿಲ್ಲ.

ನಾನು ಕಾರವಾರದವ. ಸ್ಟೂಲು ಎಳೆದು ಕೂತೆ.
'ಏನವ್ವಾ, ದಿನಾ ಏನ್ ಕೆಲಸಾ ಮಾಡ್ತಿ?'
'ಸಿಗಡಿ ಸುಲೀತೇನ್ರಿ, ಜೆಟ್ಟಿ ಮ್ಯಾಲ. ಕಿಲೋ ಲೆಕ್ಕ.'
'ಈ ಬೆರಳಿಗೇನಾತು?'
'ಅದಾ? ಮೀನಿನ ಮುಳ್ಳ ನಟ್ಟಿತ್ರಿ. ಬಾತು
ನೇರಳೆ ಹಣ್ಣಿನಂಗ ಆಗಿತ್ತು. ಅರಿಷಿಣ ಹಚ್ಚಿದೆ, ಹ್ವಾತು.
ನಾ ಜ್ವರಕ್ಕ ಬಂದೇನ್ರಿ, ಬೆರಳಿಗಲ್ಲ.'

ಎದ್ದು ಬೋರ್ಡಿನ ಮೇಲೆ ಮೆಟ್ಟಿಲು ಬರೆದೆ:
ಜ್ವರ, ಊದುಸದ್ದು; ಆದ್ದರಿಂದ ಹೃದಯದ ಕವಾಟ.
ಕವಾಟದಲ್ಲಿ ಕ್ರಿಮಿ; ಕ್ರಿಮಿಗೊಂದು ಬಾಗಿಲು ಬೇಕು.
ಬಾಗಿಲು ಬೆರಳು. ಬೆರಳಿಗೆ ಮೀನು.
ಆದ್ದರಿಂದ, ಆದ್ದರಿಂದ, ಆದ್ದರಿಂದ.
ಸೀಮೆಸುಣ್ಣ ಮುರಿಯಿತು. ನಾಲ್ಕು ಪೆನ್ನು ಓಡಿದವು.

ಮೆಲ್ರಾಯ್ ಕಾರ್ಡೋಜ್ ಬರೆಯಲಿಲ್ಲ,
ದಿನವೂ ತಡವಾಗಿ ಬಂದು ಕಂಬಕ್ಕೆ ಒರಗುವವ.
'ಸರ್, ನೀವು ಹೀಗೆ ಯೋಚಿಸಲಿಲ್ಲ.
ಬಾಗಿಲಲ್ಲೇ ಅವಳ ಕೈ ನೋಡಿದಿರಿ,
ನಿಮ್ಮ ನಡಿಗೆ ನಿಧಾನವಾಯಿತು.
ಪ್ರಶ್ನೆ ಆಮೇಲೆ.'

ಇಪ್ಪತ್ತಾರು ವರ್ಷದಲ್ಲಿ ಯಾರೂ ಹಿಡಿದಿರಲಿಲ್ಲ.
ನಿಜ. ಉತ್ತರ ಮೊದಲು ಬರುತ್ತದೆ, ಬೆಕ್ಕಿನಂತೆ,
ಯಾವ ಕಿಟಕಿಯಿಂದ ಎಂದು ತಿಳಿಯದೆ.
ಕಾರಣಗಳು ಬರುವುದು ಆಮೇಲೆ,
ಊಟದ ಹೊತ್ತಿಗೆ ಬಂದ ಮದುವೆಯ ನೆಂಟರ ಹಾಗೆ,
ಮುಹೂರ್ತಕ್ಕೂ ತಾವಿದ್ದೆವೆಂಬ ಠೀವಿಯಲ್ಲಿ.

'ಹಾಗಾದರೆ ಈ ಮೆಟ್ಟಿಲು ಸುಳ್ಳೇ?'
'ಮಾಡಿನ ಮೇಲೆ ಹಾರಿ ಕೂತಾಗಿದೆ, ಮೆಲ್ರಾಯ್.
ಇದು ಇಳಿಯುವ ಏಣಿ.
ಒಂದೊಂದೇ ಹಲ್ಲಿಗೆ ಕಾಲಿಟ್ಟು ನೋಡುವುದು
ಕೆಳಗೆ ನೆಲ ಇದೆಯೋ ಇಲ್ಲವೋ.
ಒಮ್ಮೆ ಇರಲಿಲ್ಲ.'
ಯಾವಾಗ, ಯಾರು ಎಂದು ಅವ ಕೇಳಲಿಲ್ಲ.
ನಾನು ಡಸ್ಟರ್ ಹುಡುಕಿದೆ.

ಬಾಟಲಿಯಲ್ಲಿ ಅವಳ ರಕ್ತಕ್ಕೆ ಇಂದು ಮೂರನೇ ದಿನ.
ಇನ್ನೂ ಏನೂ ಬೆಳೆದಿಲ್ಲ.
ಹನಮವ್ವ ಕೇಳುತ್ತಾಳೆ: 'ಸೋಮವಾರಕ್ಕ ಬಿಡ್ತೀರ್ಯಾ?'

ಕ್ಯಾಂಟೀನಿನಲ್ಲಿ ಚಹಾ ತಂದಿಟ್ಟ ಹುಡುಗನ ಕೈಮೇಲೆ
ಐದು ಜೊತೆ ಕಣ್ಣು ಒಟ್ಟಿಗೆ ಬಿದ್ದವು:
ಉಗುರು, ಗೆಣ್ಣು, ಸುಟ್ಟ ಕಲೆ.
ಅವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.
'ಪಾವ್ ಬೇಕಾ?' ಎಂದ,
ಯಾರನ್ನೂ ನೋಡದೆ.