ಮೂರು ಚಿಲಕ

ಕೂತುಕೋ ಗ್ರಾಸಿಂದಾ, ಕಾಫಿ ಸ್ವಲ್ಪ ಆರಲಿ.
ಎರಡನೇ ಮಹಡಿಗೆ ಒಬ್ಬಳೇ ಬಂದಿದ್ದೀಯ,
ಬಾಗಿಲಿಗೆ ಹೊಸ ಬೀಗ ಬಡಿಸಿದ್ದು ಇಲ್ಲಿಗೂ ಕೇಳಿಸಿತು.
ನನ್ನದಕ್ಕೆ ಮೂರು ಚಿಲಕ ಇದ್ದವು:
ಮೇಲಿನದು ಗಂಡ ಹಾಕಿಸಿದ್ದು,
ನಡುವಿನದು ಅವನು ಹೋದ ವಾರ ನಾನು ಹಾಕಿಸಿದ್ದು,
ಕೆಳಗಿನದು ಯಾಕೆ ಅಂತ ನೆನಪಿಲ್ಲ.

ಆವತ್ತು ಸಾವ್ ಜುವಾವ್ ಹಬ್ಬದ ರಾತ್ರಿ.
ಪೋರ್ತು ಊರಿಗೆ ಊರೇ ಬೀದಿಯಲ್ಲಿ,
ಕಂಡಕಂಡವರ ನೆತ್ತಿಗೆ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಕೀಂಕ್, ಕೀಂಕ್.
ಕೆಂಡದ ಮೇಲಿನ ಸಾರ್ಡೀನ್ ಹೊಗೆ ನಾಲ್ಕನೇ ಮಹಡಿವರೆಗೂ.
ನಾನು ಯಾರದೋ ಮಗಳ ಮದುವೆಯ ಲಂಗಕ್ಕೆ
ಅಂಚು ಹೊಲಿಯುತ್ತಿದ್ದೆ.

ಸಿನಿಮಾದವರ ಹಾಗೆ ಎದೆ ಹಿಡಿದು ಬೀಳಲಿಲ್ಲ ನಾನು.
ದವಡೆ ಹಿಡಿಯಿತು. ಹಲ್ಲುನೋವು ಅಂದುಕೊಂಡೆ;
ಆ ಕಡೆ ಹಲ್ಲೇ ಇಲ್ಲ ಅನ್ನುವುದು ತಡವಾಗಿ ಹೊಳೆಯಿತು.
ಬೆನ್ನ ನಡುವೆ ಯಾರೋ
ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದ ಹಾಗೆ.
ತಣ್ಣನೆ ಬೆವರು. ಹೊಟ್ಟೆ ತೊಳಸಿತು.
ಮಧ್ಯಾಹ್ನ ತಿಂದ ಮೀನಿನ ಮೇಲೆ ತಪ್ಪು ಹೊರಿಸಿ
ಸೋಡಾ ಕಲಸಿ ಕುಡಿದೆ.
ಇಪ್ಪತ್ತು ನಿಮಿಷ ಹಾಳು. ಅದೊಂದು ನೀನು ಮಾಡಬೇಡ.

ಇನ್ನೂ ಕೇಳು, ನಗಬೇಡ:
ನೂರ ಹನ್ನೆರಡು ಒತ್ತುವ ಮುಂಚೆ
ಸಿಂಕಿನಲ್ಲಿದ್ದ ಎರಡು ತಟ್ಟೆ ತೊಳೆದಿಟ್ಟೆ,
ಬರುವವರು ಏನಂದುಕೊಂಡಾರು ಅಂತ.

ಫೋನಿನಲ್ಲಿ ಹುಡುಗನೊಬ್ಬ,
ಸೂಜಿಗೆ ದಾರ ಪೋಣಿಸುವವನ ದನಿ.
ವಿಳಾಸ ಎರಡು ಸಲ ಹೇಳಿಸಿದ.
ಆಸ್ಪಿರಿನ್ ಇದೆಯಾ? ಮೈಗೆ ಒಗ್ಗದೆ ಹೋದದ್ದುಂಟಾ?
ಹೊಟ್ಟೆಯಲ್ಲಿ ಹುಣ್ಣು, ರಕ್ತ, ಏನಾದರೂ?
ಇಲ್ಲ ಅಂದೆ. ಹಾಗಾದರೆ ಅಗಿಯಿರಿ, ಹಾಗೇ ನುಂಗಬೇಡಿ.
ಹುಳಿ ಹಿಡಿದ ಸೀಮೆಸುಣ್ಣ ಅದು.
ಜೋರಾಗಿ ಕೆಮ್ಮಲಾ, ಕೆಮ್ಮಿದರೆ ಉಳೀತಾರಂತೆ, ಅಂದೆ.
ಅದು ಬರೀ ಮಾತು ತಾಯಿ, ಕೆಮ್ಮಬೇಡಿ.
ನಾನೇ ಇಳಿದು ಬೀದಿಗೆ ಬರಲಾ? ಕೂಡದು.
ಒಲೆ ಆರಿಸಿ, ಬಾಗಿಲು ತೆಗೆದಿಡಿ,
ಅಲ್ಲೇ ನೆಲಕ್ಕೆ ಕೂತುಬಿಡಿ,
ಬೆನ್ನು ಗೋಡೆಗೆ, ಮೊಣಕಾಲು ಮಡಿಸಿ.

ಚಿಲಕ.
ಹದಿನೇಳು ವರ್ಷ ರಾತ್ರಿ ರಾತ್ರಿ ಹಾಕಿದ ಕೈಗೆ
ಆ ಹೊತ್ತಲ್ಲಿ ತೆಗೆದು ಗೊತ್ತೇ ಇರಲಿಲ್ಲ.
ಮೇಲಿನದು ಸಲೀಸು. ನಡುವಿನದು ಕಿರುಗುಟ್ಟಿತು.
ಕೆಳಗಿನದಕ್ಕೆ ಬಗ್ಗಬೇಕು.
ಬಗ್ಗಿದೆ, ಮತ್ತೆ ಏಳಲಿಲ್ಲ.
ಬಾಗಿಲು ಅಂಗೈಯಗಲ ತೆರೆದಿತ್ತು,
ಮೆಟ್ಟಿಲ ಕತ್ತಲು ಒಳಗೆ ಇಣುಕಿತು.

ಮೂಲೆಯಲ್ಲಿ ಕೈಗೆ ಸಿಕ್ಕಿದ್ದು ಪೊರಕೆ.
ಕೆಳಮನೆಯ ಕಿಂತೆಲಾ ಗೊತ್ತಲ್ಲ,
ಒಂಬತ್ತು ವರ್ಷದಿಂದ ನನ್ನ ಹೊಲಿಗೆ ಮಷೀನಿನ ಸದ್ದಿಗೆ
ಪೊರಕೆ ಹಿಡಿಯಲ್ಲಿ ತನ್ನ ಸೂರು ಕುಟ್ಟುವವನು.
ಹಬ್ಬದ ರಾತ್ರಿಯೂ ಮನೆಯಲ್ಲೇ ಕೂರುವಂಥ ಸಿಡುಕ,
ದೇವರು ಅವನನ್ನು ಚೆನ್ನಾಗಿಟ್ಟಿರಲಿ.
ನಾನು ನೆಲ ಕುಟ್ಟಿದೆ.
ಅವನೂ ಕುಟ್ಟಿದ, ಸಿಟ್ಟಿನಲ್ಲಿ.
ಮತ್ತೆ ಕುಟ್ಟಿದೆ. ಅವನು ಇನ್ನೂ ಜೋರಾಗಿ.
ಅಷ್ಟು ಉದ್ದದ ಮಾತುಕತೆ
ನಾವಿಬ್ಬರು ಯಾವತ್ತೂ ಆಡಿರಲಿಲ್ಲ ಗ್ರಾಸಿಂದಾ.
ಮೂರನೆಯ ಸಲ ನನ್ನ ಕೈ ಮೇಲೇಳಲಿಲ್ಲ.
ನಾನು ಸೋತದ್ದು ಅವನಿಗೆ ಸರಿಬರಲಿಲ್ಲವಂತೆ.

ಬಂದ, ಬರೀ ಬನಿಯನಿನಲ್ಲಿ,
ಬೈಯಲೆಂದೇ ಬಾಯಿ ತೆರೆದುಕೊಂಡು.
ತೆರೆದ ಬಾಯಿ ಹಾಗೇ ಇತ್ತು.
ಆಮೇಲೆ ಪಕ್ಕದಲ್ಲಿ ನೆಲಕ್ಕೆ ಕೂತ.
ನನ್ನ ಕೈ ಹಿಡಿಯಲಿಲ್ಲ,
ಪೊರಕೆಯ ಇನ್ನೊಂದು ತುದಿ ಹಿಡಿದುಕೊಂಡ.

ಆಂಬುಲೆನ್ಸಿನವರು ಬಂದರು, ಅರವತ್ತೆರಡು ಮೆಟ್ಟಿಲು.
ದಾರಿಯುದ್ದಕ್ಕೂ ಜನ ಅವರ ತಲೆಗೂ ಸುತ್ತಿಗೆ ಹೊಡೆದಿದ್ದರು.
ಒಬ್ಬಳ ಕೂದಲಲ್ಲಿ ಬೆಳ್ಳುಳ್ಳಿ ಹೂವಿನ ಎಸಳು,
ಎದೆಗೆ ತಂತಿ ಅಂಟಿಸುವಾಗ ನನ್ನ ಮೇಲೆ ಉದುರಿತು.

ಈಗಲೂ ರಾತ್ರಿ ಹೊಲಿಯುತ್ತೇನೆ. ಈಗಲೂ ಕುಟ್ಟುತ್ತಾನೆ,
ಹಾಳಾದವನು.
ಕೆಳಗಿನ ಚಿಲಕ ಮಾತ್ರ ಬಿಚ್ಚಿಸಿಬಿಟ್ಟೆ.
ಅದರ ನಾಲ್ಕು ತಿರುಪು ಗುಂಡಿಡಬ್ಬಿಯಲ್ಲಿವೆ,
ನಿನ್ನ ಬಾಗಿಲಿಗೆ ಬೇಕಾದರೆ ತಗೋ.
ಬೇಡ, ಬಿಡು.
ಪೊರಕೆ ಇದೆಯಾ ನಿನ್ನ ಹತ್ತಿರ, ಉದ್ದ ಹಿಡಿಯದ್ದು?