ಮೂಲೆಯ ತುಂಡು

ಸೆಕೊಂಡಿಯ ಮೆಥಡಿಸ್ಟ್ ಶಾಲೆಯಲ್ಲಿ ಸಂಜೆ ಏಳರ ತರಗತಿ.
ಹಗಲು ಮಕ್ಕಳು ಕೂತೆದ್ದ ಗಿಡ್ಡ ಬೆಂಚುಗಳಲ್ಲಿ
ಮೊಣಕಾಲು ಎದೆಗೆ ತಾಗಿಸಿಕೊಂಡು ಹದಿನಾಲ್ಕು ಜನ.
ಮೀನಿನ ವಾಸನೆ ತೊಳೆದುಕೊಂಡು ಬಂದ ಅಬಾಕಾ,
ಬಂದರಿನ ಗೇಟು ಕಾಯುವ ಎಕೋ ಬೆಂಟ್ಸಿಲ್,
ಕೊನೆಯ ಸಾಲಿನಲ್ಲಿ ದರ್ಜಿ ಅರಾಬಾ,
ಗಣಿತದಲ್ಲಿ ಮೂರು ಸಲ ಬಿದ್ದವಳು,
ನಾಲ್ಕನೆಯದಕ್ಕೆ ಹೊಲಿಗೆ ಯಂತ್ರದ ಕಂತು ತಪ್ಪಿಸಿ
ಶುಲ್ಕ ಕಟ್ಟಿದವಳು.

ಸೂತ್ರ ಎಲ್ಲರಿಗೂ ಬಾಯಿಪಾಠ.
ಋಣ ಬಿ, ಕೂಡು ಅಥವಾ ಕಳೆ, ವರ್ಗಮೂಲದೊಳಗೆ
ಬಿ ವರ್ಗ ಕಳೆ ನಾಲ್ಕು ಎ ಸಿ,
ಎಲ್ಲದರ ಕೆಳಗೆ ಎರಡು ಎ.
ಭಾನುವಾರದ ಪ್ರಾರ್ಥನೆಯ ಹಾಗೆ ಒಂದೇ ಉಸಿರಿಗೆ ಹೇಳಿ
ನನ್ನ ಮುಖ ನೋಡುತ್ತಾರೆ,
ಆಮೆನ್ ನಾನು ಹೇಳಬೇಕೆಂಬಂತೆ.

ಹೆಸರು ಬರೆಯದಿದ್ದರೂ ಉತ್ತರಪತ್ರಿಕೆ ಯಾರದೆಂದು
ತಪ್ಪು ನೋಡಿ ಹೇಳಬಲ್ಲೆ.
ಅಬಾಕಾ ಭಾಗಾಕಾರದ ಗೆರೆಯನ್ನು
ವರ್ಗಮೂಲದ ಅಡಿಗಷ್ಟೇ ಎಳೆಯುತ್ತಾನೆ,
ಋಣ ಬಿ ಪಾಪ ಹೊರಗೆ,
ಚಾಪೆ ಸಾಲದೆ ನೆಲಕ್ಕಿಳಿದ ಕಾಲಿನ ಹಾಗೆ.
ಇಲ್ಲಿ ಮಾತ್ರ ಕಾಲಿದ್ದಷ್ಟು ಹಾಸಿಗೆ ಚಾಚಯ್ಯಾ, ಎನ್ನುತ್ತೇನೆ.
ಎಕೋಗೆ ಬಿ ಮೊದಲೇ ಋಣವಾಗಿದ್ದರೆ ದಿಗಿಲು.
ಋಣದ ಮುಂದೆ ಇನ್ನೊಂದು ಋಣ ಬಂದು ಕೂತರೆ
ಧನ ಹೇಗಾಗುತ್ತದೆ ಸರ್?
ನನ್ನ ಮನೆಯಲ್ಲಂತೂ ಆಗಿಲ್ಲ.
ಎಲ್ಲರೂ ನಕ್ಕರು. ನಾನೂ ನಕ್ಕೆ, ಉತ್ತರ ಹೊಳೆಯದೆ.
(ಮನೆಯ ದಾರಿಯಲ್ಲಿ ಹೊಳೆಯಿತು:
ಯಾರಾದರೂ ನಿನ್ನ ಸಾಲವನ್ನೇ ಕಳೆದರೆ, ಎಕೋ. ಆಗ.)

ಅರಾಬಾ ತಪ್ಪು ಮಾಡುವುದಿಲ್ಲ,
ಏನನ್ನೂ ಬರೆಯುವುದಿಲ್ಲವಲ್ಲ.
ಒಂದು ದಿನ ಕೇಳಿದಳು, ಇದು ಬಂದದ್ದೆಲ್ಲಿಂದ?
ಬೇರೆಯವರು ಕತ್ತರಿಸಿದ ಬಟ್ಟೆ ನಾನು ಹೊಲಿಯುವವಳಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.
ಡುಮ್‌ಸೋರ್ ಎನ್ನುತ್ತೇವೆ ನಾವು,
ಆರುವುದು ಹೊತ್ತುವುದು ಎರಡೂ ಒಂದೇ ಪದದಲ್ಲಿ,
ಕೂಡು-ಕಳೆ ಚಿಹ್ನೆಯ ಹಾಗೆ.

ಹಲಗೆಯ ಮೇಲೆ ಕತ್ತಲಲ್ಲಿ ಉಳಿದದ್ದು:
ಎಕ್ಸ್ ವರ್ಗ, ಕೂಡು ಆರು ಎಕ್ಸ್, ಸಮ ಹದಿನಾರು.
ಫೋನುಗಳು ಒಂದೊಂದಾಗಿ ಬೆಳಗಿದವು.
ನಿನ್ನ ಚೀಲದಲ್ಲಿ ಚೂರು ಬಟ್ಟೆ ಇದೆಯೇ, ಎಂದೆ.
ನೀಲಿಯದೊಂದು ಚೌಕ ಬಂತು. ಬದಿ ಎಷ್ಟು? ಗೊತ್ತಿಲ್ಲ.
ಅದೇ ಎಕ್ಸ್, ಗೊತ್ತಿಲ್ಲದಿದ್ದರೇ ಸರಿ.
ಅಷ್ಟೇ ಉದ್ದ, ಆರಗಲದ ಹಳದಿ ಪಟ್ಟಿಯೊಂದು.
ಈಗ ಇವೆರಡನ್ನೂ ಸೇರಿಸಿ ಒಂದೇ ಚೌಕ ಮಾಡು.

ನಾನು ಬಾಯಿ ತೆರೆಯುವ ಮೊದಲೇ
ಪಟ್ಟಿಯನ್ನು ಉದ್ದಕ್ಕೆ ಸೀಳಿದಳು, ಮೂರು, ಮೂರು.
ಒಂದು ಬಲಕ್ಕೆ, ಒಂದು ಕೆಳಕ್ಕೆ.
ಮೂಲೆ ಖಾಲಿ.
ಕುಪ್ಪಸದ ಕಂಕುಳು ನೋಡುವ ಹಾಗೆ ನೋಡಿದಳು ಅದನ್ನು.
ಮೂರು ಮೂರ್ಲ ಒಂಬತ್ತು, ಎಂದಳು, ಟೇಪು ಮುಟ್ಟದೆ.
ಈ ಕಡೆ ಒಂಬತ್ತು ಹಾಕಿದರೆ ಆ ಕಡೆಗೂ ಹಾಕಬೇಕು,
ಗಿರಾಕಿಗೆ ಮೋಸವಾಗಬಾರದು.
ಹದಿನಾರಕ್ಕೆ ಒಂಬತ್ತು, ಇಪ್ಪತ್ತೈದು.
ಬದಿ ಐದು. ಅದರಲ್ಲಿ ಪಟ್ಟಿಯದು ಮೂರು.
ನೀಲಿ ಎರಡು.

ಮೂಲೆ ತುಂಬಿದ ಮೇಲೆ ಮೂಲ.

ಇನ್ನೊಂದು ಉತ್ತರ? ಅಬಾಕಾ ಬಿಡಲಿಲ್ಲ.
ಋಣ ಎಂಟು.
ಋಣ ಎಂಟು ಗಜ ಯಾವ ಅಂಗಡಿಯಲ್ಲಿ ಅಳೆದು ಕೊಡುತ್ತಾರೆ?
ಬಟ್ಟೆಗೆ ಬೇಡ, ಪರೀಕ್ಷೆಗೆ ಬೇಕು. ಎರಡನ್ನೂ ಬರೆ.

ಕರೆಂಟು ಬಂದ ಮೇಲೆ ಆರರ ಜಾಗಕ್ಕೆ ಬಿ ಇಟ್ಟೆವು,
ಎ ಇಂದ ಭಾಗಿಸಿದೆವು, ಅಕ್ಷರಗಳನ್ನೇ ಸೀಳಿ ಹೊಂದಿಸಿದೆವು.
ಸೀಮೆಸುಣ್ಣ ಮೂರು ಸಲ ಮುರಿಯಿತು.
ಹತ್ತೂಕಾಲಿಗೆ ಸೂತ್ರ ಹಲಗೆಯ ಕೆಳಗಿನ ಅಂಚಿಗೆ ಬಂದಿಳಿದಾಗ
ಎಲ್ಲರಿಗೂ ಅರ್ಥವಾಗಿತ್ತು ಎಂದರೆ ಸುಳ್ಳಾದೀತು.
ಎಕೋ ನಿದ್ದೆ ಹೋಗಿದ್ದ, ರಾತ್ರಿ ಪಾಳಿ ಬಾಕಿಯಿತ್ತು.
ಅರಾಬಾ ಬರೆಯುತ್ತಿದ್ದಳು.
ಅವಳ ಮೊದಲ ತಪ್ಪು ಅಂದೇ ಕಂಡೆ:
ನಾಲ್ಕು ಎ ಸಿಯಲ್ಲಿ ನಾಲ್ಕು ಮರೆತಿದ್ದಳು.
ಖುಷಿಯಾಯಿತು, ಹೇಳಲಿಲ್ಲ.

ಪರೀಕ್ಷೆ ಮುಗಿದಿದೆ. ಫಲಿತಾಂಶ ಬಂದಿಲ್ಲ.
ಅವಳು ಮರೆತುಹೋದ ಮೂರಿಂಚಿನ ಮೂಲೆಯ ತುಂಡು
ನನ್ನ ಮೇಜಿನ ಮೇಲಿದೆ. ಹೊಸ ತಂಡ ಬಂದಿದೆ.
ಡಸ್ಟರು ಕಳೆದು ತಿಂಗಳಾಯಿತು;
ಅದರಲ್ಲೇ ಒರೆಸುತ್ತೇನೆ ದಿನಾ ಸೂತ್ರವನ್ನು,
ಮರುಸಂಜೆ ಮತ್ತೆ ಬರೆಯುವುದಕ್ಕೆ.