ಇಲಿಕಿವಿ

ಹೆರ್ನೆ ಬೀದಿ ಎಂದರೆ ಬಟಾಣಿ ಬೀದಿ.
ಅತ್ತ ಹೋದರೆ ಆಲೂಗಡ್ಡೆ, ಇತ್ತ ಬಂದರೆ ಹುರುಳಿಕಾಯಿ.
ಟಾರ್ಟುವಿನ ಈ ಕೇರಿಗೆ ಹೆಸರೇ ಸಾರಿನ ಪೇಟೆ;
ಮನೆಗಳೆಲ್ಲ ಮರದವು, ಗೋಡೆಗಳೆಲ್ಲ ಕಿವಿಯವು.
ಮೇಲಿನ ಮನೆಯ ಮುದುಕಿ ಕಾಫಿಗೆ ಸಕ್ಕರೆ ಹಾಕಿದರೆ
ಎಷ್ಟು ಸುತ್ತು ಕಲಕಿದಳೆಂದು ನಾನು ಹೇಳಬಲ್ಲೆ.

ಐನಾರ್ ರಾತ್ರಿಯೆಲ್ಲ ಬೇಕರಿಯಲ್ಲಿ ರೈ ಹಿಟ್ಟು ನಾದಿ
ಬೆಳಿಗ್ಗೆ ಏಳಕ್ಕೆ ಬರುತ್ತಾನೆ, ಮೊಣಕೈವರೆಗೂ ಹುಳಿ ವಾಸನೆ,
ಬೂಟು ಬಿಚ್ಚುವಷ್ಟರಲ್ಲಿ ಅರ್ಧ ನಿದ್ದೆ ಮುಗಿಸಿರುತ್ತಾನೆ.
ಇರುವುದೊಂದೇ ಕೋಣೆ. ಅವನ ದಿಂಬಿಗೂ ನನ್ನ ಮೇಜಿಗೂ
ಎರಡು ಮಾರಿಗೆ ಒಂದು ಗೇಣು ಕಮ್ಮಿ.

ನನ್ನ ಕೆಲಸ ಹಕ್ಕಿಗಳದ್ದು.
ಜೌಗಿನಲ್ಲಿ ಯಾರೋ ಹಿಡಿದು ತಂದ ಕ್ರೌಂಚದ ಕೂಗಿನಿಂದ
ಗಾಳಿ ಕತ್ತರಿಸುವುದು, ದೂರದ ಲಾರಿ ಕತ್ತರಿಸುವುದು.
ಒಂದು ಕತ್ತರಿಗೆ ಎರಡು ಟಕ್. ದಿನಕ್ಕೆ ಮೂರು ಸಾವಿರ ಟಕ್.
ಟವೆಲು ಮಡಚಿ ಮೌಸಿನ ಅಡಿಗಿಟ್ಟೆ,
ಗುಂಡಿಯ ಮೇಲೆ ಬ್ಯಾಂಡೇಜು ಅಂಟಿಸಿದೆ;
ಟಕ್ಕಿಗೆ ನೆಗಡಿಯಾಯಿತು, ಸಾವು ಬರಲಿಲ್ಲ.
ಐನಾರ್ ಎಂದೂ ದೂರಲಿಲ್ಲ. ದಿಂಬನ್ನು ಕಿವಿಗೆಳೆದುಕೊಳ್ಳುತ್ತಿದ್ದ, ಅಷ್ಟೇ.
ದೂರಿದ್ದರೆ ಜಗಳವಾಡಬಹುದಿತ್ತು,
ದಿಂಬಿನ ಜೊತೆ ಏನೆಂದು ಜಗಳವಾಡಲಿ?

ಅಂಗಡಿಯಲ್ಲಿ ಎಲ್ಲ ಡಬ್ಬಿಗಳ ಮೇಲೂ ನಿಶ್ಶಬ್ದ ಎಂದೇ ಬರೆದಿತ್ತು.
ಸೂರಿನಲ್ಲಿ ಡ್ರಮ್ಮು, ಪಕ್ಕದ ಸಾಲಿನಲ್ಲಿ ನೂರು ಟೀವಿ.
ಮಾರುವ ಹುಡುಗ, ಎದೆಯ ಬಿಲ್ಲೆಯಲ್ಲಿ ಓಟ್ಟ್ ಎಂಬ ಹೆಸರು,
‘ಕೇಳಿ’ ಎಂದು ಒತ್ತಿ ತೋರಿಸಿದ.
ಮದುವೆ ಮನೆಯಲ್ಲಿ ಕೈಗಡಿಯಾರ ಕೇಳಿಸಿದ ಹಾಗೆ.
‘ಉಗ್ರಾಣವಿದೆಯೇ?’ ಎಂದೆ.
ಅವನು ನಗಲಿಲ್ಲ. ಅದಕ್ಕೇ ನಂಬಿದೆ.

ರಟ್ಟಿನ ಪೆಟ್ಟಿಗೆಗಳ ನಡುವೆ ಬಾಗಿಲು ಹಾಕಿ,
ಟ್ಯೂಬ್‌ಲೈಟನ್ನೂ ಆರಿಸಿ, ಅದಕ್ಕೂ ಒಂದು ಗುಂಯ್ ಇತ್ತು,
ಕತ್ತಲಲ್ಲಿ ಒಂದೊಂದಾಗಿ ಒತ್ತಿದೆವು.
ಮೊದಲನೆಯದು ಉಗುರು ಕಡಿದ ಹಾಗೆ.
ಎರಡನೆಯದರ ಗುಂಡಿ ಬೆಣ್ಣೆ, ಚಕ್ರ ಮಾತ್ರ ಜೀರುಂಡೆ.
ಇನ್ನೊಂದು ಚೆನ್ನಾಗಿಯೇ ಇತ್ತು, ಬಲಗೈಯವರಿಗೆಂದು ಬಾಗಿದ ಬೆನ್ನು;
ನಾನು ಎಡಚಿ, ನನ್ನ ಹೆಬ್ಬೆರಳಿಗೆ ಅಲ್ಲಿ ಜಾಗವಿಲ್ಲ.
ಕೊನೆಗೆ ಓಟ್ಟ್ ಅಂದ: ‘ಇದನ್ನು ಒತ್ತಿದೆ.’
‘ಯಾವಾಗ?’
‘ಈಗ. ನಾಲ್ಕು ಸಲ.’

ಇಪ್ಪತ್ತಮೂರು ಯೂರೋ. ಹೊಟ್ಟೆಯೊಳಗೆ ಒಂದು ಬ್ಯಾಟರಿ,
ಅವರೆಕಾಳಿನಷ್ಟು ರಿಸೀವರು, ಬಾಲವಿಲ್ಲ.
ನಮ್ಮ ಭಾಷೆಯಲ್ಲಿ ಇಲಿಗೂ ಇದಕ್ಕೂ ಒಂದೇ ಮಾತು, ಹೀರ್.
ಬರ್ಚ್ ಮರ ಚಿಗುರೊಡೆಯುವ ವಾರಕ್ಕೆ ಇಲಿಕಿವಿ ಎನ್ನುತ್ತೇವೆ.
ಅದೇ ವಾರ ಅದು. ನದಿಯ ದಂಡೆಯುದ್ದಕ್ಕೂ
ಮರಗಳು ಪುಟ್ಟ ಹಸಿರು ಕಿವಿ ನಿಮಿರಿಸಿಕೊಂಡು
ನನ್ನ ಚೀಲವನ್ನು ಆಲಿಸುತ್ತ ನಿಂತಿದ್ದವು.

ಮೊದಲ ದಿನ ಕೆಲಸ ಕೆಟ್ಟಿತು.
ಒತ್ತಿದೆನೋ ಇಲ್ಲವೋ, ಬೆರಳಿಗೇ ಅನುಮಾನ.
ಮತ್ತೊಮ್ಮೆ ಒತ್ತಿ ಕ್ರೌಂಚದ ಅರ್ಧ ಗಂಟಲನ್ನೇ ಕತ್ತರಿಸಿಬಿಟ್ಟೆ.
ಟಕ್ ಎಂಬುದೊಂದು ರಶೀದಿ;
ಹದಿನೇಳು ವರ್ಷ ಅದನ್ನು ನೋಡದೆ ಜೇಬಿಗಿಳಿಸಿದ್ದೆ.

ಮೂರನೆಯ ದಿನ, ಹನ್ನೊಂದರ ಹೊತ್ತು,
ಹೆಡ್‌ಫೋನ್ ಕುತ್ತಿಗೆಗಿಳಿಸಿ ಹಕ್ಕಿಗಳ ಹೆಸರು ತುಂಬುತ್ತಿದ್ದಾಗ
ದಿಂಬಿನ ಕಡೆಯಿಂದ: ‘ಮೂವತ್ತೊಂದು.’
ಕಣ್ಣು ಮುಚ್ಚಿದೆ, ತುಟಿ ಎಣಿಸುತ್ತಿದೆ.
‘ಮೂವತ್ತೆರಡು. ಇದು ಸೀದಿದೆ. ಮೂವತ್ತಮೂರು.’
ಒಲೆಯಿಂದ ರೊಟ್ಟಿ ತೆಗೆಯುತ್ತಿದ್ದಾನೆ, ನಿದ್ದೆಯಲ್ಲೂ.
ಆರು ವರ್ಷ ಒಂದೇ ಕೋಣೆ. ನನ್ನ ಟಕ್ ಟಕ್ಕಿನ ಕೆಳಗೆ
ಎಷ್ಟು ಸಾವಿರ ರೊಟ್ಟಿ ಹಾದುಹೋದವೋ.
ನಲವತ್ತಕ್ಕೆ ನಿಂತ. ಆಮೇಲೆ, ಬೇರೆಯೇ ದನಿಯಲ್ಲಿ,
‘ಇದು ಹೆಲ್ವಿಗೆ,’ ಎಂದು ಒಂದನ್ನು ಪಕ್ಕಕ್ಕಿಟ್ಟ.
ಸೀದದ್ದೋ, ಚೆನ್ನಾಗಿ ಬೆಂದದ್ದೋ, ತಿಳಿಯಲಿಲ್ಲ.

ಮೇಜಿನ ಮೇಲೆ ಮೈಕಿತ್ತು. ಪರದೆಯಲ್ಲಿ ಕೆಂಪು ಚುಕ್ಕೆ.
ಹಕ್ಕಿಗಳನ್ನು ಹಿಡಿಯುವಾಗ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ.
ಬೆರಳು ಗುಂಡಿಯ ಮೇಲೇ ಇತ್ತು.
ಒತ್ತಿದೆನೋ, ಇಲ್ಲವೋ,
ಸದ್ದಂತೂ ಆಗಲಿಲ್ಲ.